ಮೂಲೆಯ ಕತ್ತಲೆಗೆ ಸಾಫ್ಟ್‌ವೇರು ಬದಲಾಯಿಸಿದ್ದು

ನನ್ನ ಗಂಡನ ಕಣ್ಣು ಹೋಗುತ್ತಿದ್ದಾಗ ನಾವಿಬ್ಬರೂ ಸೇರಿ ಸಾಫ್ಟ್‌ವೇರು ಬದಲಾಯಿಸುತ್ತಿದ್ದೆವು. ಹೀಗೆ ಒಂದೇ ಸಾಲಿನಲ್ಲಿ ಹೇಳಿಬಿಟ್ಟರೆ ಕೇಳಿದವರಿಗೆ ನಗು ಬರುತ್ತದೆ. ಬರಲಿ. ಆಗ ನಾನೂ ನಕ್ಕವಳೇ.

ತೊಂಬತ್ತರ ದಶಕದ ಅರ್ಧ ಕಳೆದಿತ್ತು. ಪಾಂಡವಪುರದಲ್ಲಿ ಒಂದು ಗೊಬ್ಬರದಂಗಡಿಯ ಮಹಡಿ ಮೇಲೆ ನಮ್ಮ ಆಫೀಸು. ಆಫೀಸು ಅಂದರೆ ಒಂದು ರೂಮು, ಎರಡು ಮೇಜು, ಒಂದು ಡ್ರಾಯಿಂಗ್ ಬೋರ್ಡು, ಮತ್ತೆ ಆ ಬೀದಿಗೆಲ್ಲ ಸುದ್ದಿಯಾಗಿದ್ದ ಒಂದು ಕಂಪ್ಯೂಟರು. ಕೆಳಗಿನಿಂದ ಯೂರಿಯಾ ವಾಸನೆ ಬರುತ್ತಿತ್ತು, ಕಬ್ಬು ಅರೆಯುವ ತಿಂಗಳುಗಳಲ್ಲಿ ಕಾರ್ಖಾನೆ ಕಡೆಯಿಂದ ಕಾಕಂಬಿ ವಾಸನೆ. ನಮ್ಮ ಯಜಮಾನರು ಸಿವಿಲ್ ಡಿಪ್ಲೊಮಾ ಮಾಡಿದವರು. ನಾನು ನಾಗಮಂಗಲದವಳು, ಡ್ರಾಯಿಂಗ್ ಕೋರ್ಸು ಕಲಿತು ಕೂತಿದ್ದೆ. ಜಾತಕಕ್ಕಿಂತ ಮೊದಲು ಪೆನ್ಸಿಲ್ಲುಗಳೇ ಕೂಡಿಬಂದವು ಎಂದು ನಮ್ಮಪ್ಪ ತಮಾಷೆ ಮಾಡುತ್ತಿದ್ದರು.

ಎಲ್ಲ ಇಂಜಿನಿಯರುಗಳೂ ಮಾಡುವ ಪ್ಲಾನು ಎಸ್ಟಿಮೇಟು ನಾವೂ ಮಾಡುತ್ತಿದ್ದೆವು. ಆದರೆ ನಮ್ಮ ಹೆಸರು ನಿಂತಿದ್ದು ಇನ್ನೊಂದು ಕೆಲಸದಿಂದ. ಮನೆ ಏಳುವ ಮೊದಲೇ ಅದರ ಒಳಗು ಹೇಗೆ ಕಾಣುತ್ತದೆ ಎಂದು ಚಿತ್ರ ಮಾಡಿ ತೋರಿಸುವುದು. ಮುಂದಿನ ಹಾಲಿನಲ್ಲಿ ನಿಂತರೆ ದೇವರ ಮನೆ ಎಲ್ಲಿ ಕಾಣುತ್ತದೆ, ಅಡುಗೆ ಮನೆಯ ಕಟ್ಟೆಯ ಮೇಲೆ ಬೆಳಗಿನ ಬಿಸಿಲು ಎಲ್ಲಿಗೆ ಬೀಳುತ್ತದೆ, ಅದೆಲ್ಲ. ಕಂಪ್ಯೂಟರಿಗೆ ಮುಂಚೆ ನಮ್ಮವರು ಇದನ್ನು ಕೈಯಲ್ಲೇ ಬಣ್ಣ ಹಾಕಿ ಬರೆಯುತ್ತಿದ್ದರು. ನೆರಳು ಬರೆಯುವುದರಲ್ಲಿ ಎತ್ತಿದ ಕೈ. ಬಾಗಿಲ ಹಿಂದಿನ ನೆರಳು ಬೇರೆ, ಮಂಚದ ಕೆಳಗಿನ ನೆರಳು ಬೇರೆ ಎಂದು ನನಗೆ ಕಲಿಸಿದ್ದು ಅವರು. ಮದುವೆಯಾದ ಹೊಸದರಲ್ಲಿ ಬೇರೆ ಗಂಡಂದಿರು ಸಿನಿಮಾಗೆ ಕರೆದುಕೊಂಡು ಹೋಗುತ್ತಿದ್ದರೆ, ಇವರು ನನ್ನನ್ನು ತೊಣ್ಣೂರಿನ ದೇವಸ್ಥಾನದ ಕಂಬಗಳ ನಡುವೆ ನಿಲ್ಲಿಸಿ ಬೆಳಕು ಎಷ್ಟು ದೂರ ಬಂದು ಸುಸ್ತಾಗುತ್ತದೆ ನೋಡು ಅನ್ನುತ್ತಿದ್ದರು. ಅವರ ಊರು ಅಲ್ಲೇ ಪಕ್ಕದ ಹಳ್ಳಿ. ಅತ್ತೆ ಮಾಡಿದ ಉಪ್ಸಾರು ತಣ್ಣಗಾಗುತ್ತಿದೆ ಎಂದು ನಾನು ಎಳೆದುಕೊಂಡು ಬರಬೇಕಿತ್ತು.

ಮೊದಲ ಸಾಫ್ಟ್‌ವೇರು ಕಪ್ಪು ಪರದೆಯ ಕಾಲದ್ದು. ಅದಕ್ಕೆ ಬೆಳಕಿನ ಗುಣವೇ ಗೊತ್ತಿರಲಿಲ್ಲ. ಕಿಟಕಿಯಿಂದ ಬಿಸಿಲು ಬಂದು ನೆಲದ ಮೇಲೆ ಬಿದ್ದರೆ ಅಲ್ಲಿಗೇ ಮುಗಿಯಿತು. ನೆಲದಿಂದ ಪುಟಿದು ಗೋಡೆಗೆ ತಾಕುವುದು, ಗೋಡೆಯಿಂದ ಸೂರಿಗೆ ಏರುವುದು, ಇದ್ಯಾವುದೂ ಇಲ್ಲ. ಆದ್ದರಿಂದ ನಾವೇ ಕೋಣೆಯ ಮೂಲೆಗಳಲ್ಲಿ ಕಣ್ಣಿಗೆ ಕಾಣದ ಪುಟ್ಟ ಪುಟ್ಟ ಲೈಟುಗಳನ್ನು ಬಚ್ಚಿಟ್ಟು ಆ ಬೆಳಕನ್ನು ನಟಿಸಬೇಕಿತ್ತು. ಎಲ್ಲ ಇಟ್ಟು ಒಂದು ಗುಂಡಿ ಒತ್ತಿದರೆ ಚಿತ್ರ ಮೇಲಿನಿಂದ ಒಂದೊಂದೇ ಗೆರೆಯಾಗಿ ಇಳಿಯುತ್ತಿತ್ತು. ಅದು ಇಳಿದು ಮುಗಿಯುವಷ್ಟರಲ್ಲಿ ನಾನು ಒಂದು ಮೊರ ಅವರೆಕಾಯಿ ಸುಲಿದು, ನೆನೆಹಾಕಿದ್ದ ಕಾಳನ್ನು ಇದುಕಿ ಮುಗಿಸುತ್ತಿದ್ದೆ. ಮನೆ ಕಟ್ಟಿಸುವವರು ಹೆಂಡತಿ ಮಕ್ಕಳು ಅತ್ತೆ ಮಾವ ಎಲ್ಲರನ್ನೂ ಕರೆದುಕೊಂಡು ಬರುವುದು ವಾಡಿಕೆ. ಆ ಹೆಂಗಸರೂ ನನ್ನ ಜೊತೆ ಕೂತು ಕಾಳು ಇದುಕುತ್ತಾ ತಮ್ಮ ಮನೆಯ ಸೂರು ಇಳಿದು ಬರುವುದನ್ನು ನೋಡುತ್ತಿದ್ದರು. ಸೂರು ಮುಗಿದು ಗೋಡೆ ಅರ್ಧಕ್ಕೆ ಬರುವಾಗ ಕರೆಂಟು ಹೋದರೆ ಎಲ್ಲರೂ ಒಟ್ಟಿಗೆ ಅಯ್ಯೋ ಅನ್ನುವುದು.

ಅವರಿಗೆಲ್ಲ ಒಂದು ನಂಬಿಕೆಯಿತ್ತು. ಇನ್ನೂ ಕಟ್ಟದ ಮನೆಯ ಚಿತ್ರದಲ್ಲಿ ಕತ್ತಲೆ ಕಾಣಬಾರದು. ಕತ್ತಲೆ ಕಂಡರೆ ಹಿರಿಯರು ಮುಖ ಸಿಂಡರಿಸಿ ಎದ್ದೇ ಹೋಗುತ್ತಿದ್ದರು. ಅದಕ್ಕೇ ನಮ್ಮವರು ಪ್ರತಿ ಚಿತ್ರದಲ್ಲೂ ದೇವರ ಮೂಲೆಯಲ್ಲಿ ಉರಿಯುವ ಒಂದು ದೀಪ ಇಡುವ ಪದ್ಧತಿ ಮಾಡಿದರು. ಆ ದೀಪ ನಮ್ಮ ತವರಿನದು. ನಾಗಮಂಗಲದ ಮನೆಯಲ್ಲಿ ಅವ್ವ ಹಚ್ಚುತ್ತಿದ್ದ ಹಿತ್ತಾಳೆಯ ಕಾಲುದೀಪವನ್ನು ನಾನು ಅಳತೆ ತೆಗೆದುಕೊಂಡು ಬಂದು, ಬುಡದ ಬಳೆ, ಮೇಲಿನ ತಟ್ಟೆ, ಬತ್ತಿ ಇಡುವ ಬಾಯಿ ಎಲ್ಲ ಕಂಪ್ಯೂಟರಿನಲ್ಲಿ ಕಡೆದಿದ್ದೆ. ಯಾರದೋ ಮನೆಯ ಚಿತ್ರದಲ್ಲಿ ಅವ್ವನ ದೀಪ ಉರಿಯುತ್ತಿದೆ ಎಂದು ನನಗೆ ಒಳಗೊಳಗೇ ಖುಷಿ.

ಹೀಗಿರುವಾಗ ಒಂದು ದಿನ ಅವರು ಪರದೆಯ ಹತ್ತಿರಕ್ಕೆ ಬಗ್ಗಿ ಹೇಳಿದರು, "ಯಾಕೋ ಈ ಮೂಲೆ ಮಬ್ಬಾಗದೆ ಕಣಮ್ಮಿ."

"ಎಲ್ರೀ? ಸರಿಯಾಗೇ ಅದೆಯಲ್ಲ."

"ನಿಂಗೆ ಕಾಣಾಕಿಲ್ಲ ಬುಡು. ನೆರಳು ನೋಡಾಕೆ ಅಭ್ಯಾಸ ಬೇಕು."

ನನಗೆ ಸಿಟ್ಟು ಬಂತು. ನನ್ನ ಬಾಯಿ ಮೊದಲೇ ಜೋರು. ಅಭ್ಯಾಸ ನಿಮಗೆ, ಅವರೆಕಾಳು ನನಗೆ ಎಂದು ಅಂದುಬಿಟ್ಟೆ. ಅವರು ನಕ್ಕು ಮೂಲೆಗೆ ಇನ್ನೊಂದು ಲೈಟು ಸೇರಿಸಿದರು. ಮಾರನೆಯ ವಾರ ಮತ್ತೊಂದು ಕೋಣೆ, ಮತ್ತದೇ ಮಾತು. ಬರಬರುತ್ತಾ ಪ್ರತಿ ಚಿತ್ರದ ಮೂಲೆಯೂ ಮಬ್ಬಾಗತೊಡಗಿತು. ತಪ್ಪು ಸಾಫ್ಟ್‌ವೇರಿನದು ಎಂದು ಅವರು ತೀರ್ಮಾನಿಸಿದರು. ಹಳೆಯದಾಯಿತು, ಇದಕ್ಕೆ ಬೆಳಕು ಗೊತ್ತಿಲ್ಲ ಎಂದರು. ಆ ಮಾತಿನಲ್ಲಿ ನಿಜವೂ ಇತ್ತಲ್ಲ, ನಾನು ಒಪ್ಪಿದೆ.

ಶ್ರೀರಂಗಪಟ್ಟಣದಲ್ಲಿ ಅವರ ಜೊತೆ ಓದಿದವರೊಬ್ಬರು ಹೊಸ ಸಾಫ್ಟ್‌ವೇರು ತರಿಸಿದ್ದಾರೆ ಎಂದು ತಿಳಿದು ಇಬ್ಬರೂ ಬಸ್ಸಿನಲ್ಲಿ ಹೋದೆವು. ಸ್ಕೂಟರಿತ್ತು, ಆದರೆ ವಾಪಸು ಬರುವಾಗ ಸಂಜೆಯಾಗುತ್ತದೆ, ಹುಳ ಕಣ್ಣಿಗೆ ಬೀಳುತ್ತವೆ ಎಂದರು. ಆ ಸ್ನೇಹಿತರು ಯಾವುದೋ ಲಾಡ್ಜಿನ ರೂಮುಗಳ ಚಿತ್ರ ತೋರಿಸಿದರು. ಬಿಳಿ ಗೋಡೆ, ಬಿಳಿ ಟೈಲ್ಸು, ದೊಡ್ಡ ಕಿಟಕಿ. ಇವರ ಮುಖ ಅರಳಿತು. "ನೋಡಮ್ಮಿ, ಬೆಳಕು ಅಂದ್ರೆ ಇದು" ಅಂದರು. ಎಲ್ಲ ಬಿಳಿಯೇ ಇದ್ದ ಕೋಣೆ ಅದು, ಅವರಿಗೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ ಎಂದು ಈಗ ಗೊತ್ತು. ಆಗ ವಾಪಸು ಬರುವ ಬಸ್ಸಿನಲ್ಲಿ ಇಬ್ಬರೂ ಹೊಸ ಮಗು ನೋಡಿಕೊಂಡು ಬಂದವರ ಹಾಗೆ ಮಾತಾಡಿದ್ದೇ ಮಾತಾಡಿದ್ದು.

ಸಾಫ್ಟ್‌ವೇರು ಬದಲಾಯಿಸುವುದು ಮನೆ ಬದಲಾಯಿಸಿದಂತೆಯೇ. ಹಳೆಯದರಲ್ಲಿ ಮಾಡಿಟ್ಟ ಬಾಗಿಲು, ಮಂಚ, ಒರಳು, ತೂಗುಮಂಚ, ಯಾವುದೂ ಹೊಸದರಲ್ಲಿ ತೆರೆದುಕೊಳ್ಳಲಿಲ್ಲ. ತೆರೆದುಕೊಂಡವು ಮುರಿದು ಬಿದ್ದಿದ್ದವು. ಎಲ್ಲ ಮತ್ತೆ ಮೊದಲಿನಿಂದ. ನಾನು ಮೊದಲು ಮಾಡಿದ್ದು ದೀಪ. ಅದನ್ನು ಒಂದು ಕೆಂಪು ಗಾರೆ ನೆಲದ ಕೋಣೆಯಲ್ಲಿಟ್ಟು, ಕಿಟಕಿಯಿಂದ ಬಿಸಿಲು ಬಿಟ್ಟು ಗುಂಡಿ ಒತ್ತಿದೆ. ಚಿತ್ರ ಮುಗಿದಾಗ ನನ್ನ ಕೈಯಲ್ಲಿದ್ದ ಕಾಳು ಹಾಗೇ ನಿಂತಿತು. ನೆಲದ ಕೆಂಪು ಗೋಡೆಯ ಬುಡಕ್ಕೆ ಹತ್ತಿತ್ತು. ನಾವು ಹೇಳಿಕೊಡದೆಯೇ ಬೆಳಕು ತಾನಾಗಿ ಪುಟಿದು, ಮೂಲೆಗೆ ಹೋಗುವ ಹೊತ್ತಿಗೆ ತೆಳ್ಳಗಾಗಿ, ದೀಪದ ಹತ್ತಿರ ಮತ್ತೆ ಚೂರು ಹಳದಿಯಾಗಿತ್ತು. ನಮ್ಮ ತವರಿನ ನಡುಮನೆ ಮಧ್ಯಾಹ್ನ ಮೂರರ ಹೊತ್ತಿಗೆ ಇರುವುದೇ ಹಾಗೆ. ನನಗೆ ಕಣ್ಣಲ್ಲಿ ನೀರು ಬಂತು.

ಅವರು ನೋಡಿದರು. ಬಹಳ ಹೊತ್ತು ನೋಡಿದರು. "ಇದೂ ಅಷ್ಟೇಯ. ಅದಕ್ಕಿಂತ ಕತ್ತಲೆ" ಅಂದರು.

ಅಲ್ಲಿಂದ ನಮ್ಮ ಜಗಳ ಶುರು. ಅವರು ಪ್ರತಿ ಕೋಣೆಗೂ ಹಳೆಯ ಅಭ್ಯಾಸದಂತೆ ಲೈಟು ತುಂಬುವುದು, ನಾನು ಅವರು ಊಟಕ್ಕೆ ಎದ್ದಾಗ ತೆಗೆಯುವುದು. ಬೆಳಕು ತಾನೇ ಪುಟಿಯುವ ಸಾಫ್ಟ್‌ವೇರಿನಲ್ಲಿ ಮೇಲೆ ಇನ್ನಷ್ಟು ಲೈಟು ಇಟ್ಟರೆ ಕೋಣೆ ಸುಣ್ಣ ಬಳಿದಂತೆ ಆಗುತ್ತದೆ. ಆದರೆ ಗಿರಾಕಿಗಳಿಗೆ ಅದೇ ಇಷ್ಟ. ಕತ್ತಲೆಯೇ ಇಲ್ಲ, ಶುಭವಾಗಿದೆ ಎಂದು ಹಿರಿಯರು ತಲೆದೂಗುವರು. ನೋಡಿದೆಯಾ ಎಂದು ಇವರು ನನ್ನತ್ತ ಹುಬ್ಬು ಹಾರಿಸುವರು. ಹೀಗಾಗಿ ಅವರು ಲೈಟು ತುಂಬುತ್ತಿದ್ದದ್ದು ಗಿರಾಕಿಯ ಮನಸ್ಸು ಹಿಡಿಯಲು ಎಂದೇ ನಾನು ತಿಳಿದೆ. ಬೇರೆ ಯಾವ ಸೀಮೆಯಲ್ಲಾದರೂ ಯಾರಾದರೂ ಒಬ್ಬರು, ಏನಪ್ಪಾ ಇದು ಇಷ್ಟೊಂದು ಬೆಳಕು ಎಂದು ಕೇಳುತ್ತಿದ್ದರೇನೋ. ನಮ್ಮ ಕಡೆ ಯಾರೂ ಕೇಳಲಿಲ್ಲ.

ಅಷ್ಟರಲ್ಲಿ ಊರಿನಿಂದ ಇನ್ನೊಂದು ದೂರು ಬಂತು. ಅವರ ಸೋದರತ್ತೆ ಸಂತೆಯ ದಿನ ಆಫೀಸಿಗೇ ಬಂದು ನನ್ನ ಮುಂದೆ ಕೂತು ಹೇಳಿದರು, "ನಿನ್ ಗಂಡಂಗೆ ಕಂಪ್ಯೂಟ್ರು ಬಂದ್ಮೇಲೆ ಗರ್ವ ಬಂದದೆ ಕಣವ್ವ. ಸಂತೇಲಿ ಪಕ್ಕದಲ್ಲೇ ನಿಂತಿದ್ದೆ, ತಿರುಗೂ ನೋಡ್ನಿಲ್ಲ. ಎತ್ತಿ ಆಡ್ಸಿದ್ ಕೈ ಇದು."

ಅವರು ಹೋದಮೇಲೆ ನಾನು ಇವರನ್ನು ಚೆನ್ನಾಗಿ ದಬಾಯಿಸಿದೆ. ಇವರು ತಬ್ಬಿಬ್ಬಾಗಿ, "ಅತ್ತೆ ಬಂದಿತ್ತಾ ಸಂತೆಗೆ?" ಎಂದು ಕೇಳಿದರು. ನಾಟಕ ಎಂದುಕೊಂಡೆ. ಪಕ್ಕದಿಂದ ಕಾಫಿ ಲೋಟ ಹಿಡಿದರೆ ತೆಗೆದುಕೊಳ್ಳದೆ ಇರುವುದು, ಬಾಗಿಲ ಚೌಕಟ್ಟಿಗೆ ಭುಜ ತಾಗಿಸುವುದು, ಊಟದ ತಟ್ಟೆಯಲ್ಲಿ ಒಂದು ಬದಿಯ ಪಲ್ಯ ಹಾಗೇ ಬಿಟ್ಟು ಏಳುವುದು, ಎಲ್ಲಕ್ಕೂ ನನ್ನ ಹತ್ತಿರ ಒಂದೊಂದು ಬೈಗುಳವಿತ್ತು. ಜ್ಞಾನವೆಲ್ಲ ಆ ಡಬ್ಬದ ಮೇಲೆ ಎನ್ನುತ್ತಿದ್ದೆ. ಅವರಿಗೂ ಅದೇ ನಿಜ ಅನ್ನಿಸಿತ್ತು.

ಮಾನಿಟರು ಬದಲಾಯಿಸಿದೆವು. ಕಿಟಕಿಗೆ ಪರದೆ ಹಾಕಿದೆವು. ಆಮೇಲೆ ಮೂರನೆಯ ಸಾಫ್ಟ್‌ವೇರು ಬಂತು. ನಾನು ಮೂರನೆಯ ಸಲ ಅವ್ವನ ದೀಪ ಕಡೆದೆ.

ಆ ಹೊಸದರಲ್ಲಿ ಮಾಡಿದ ಮೊದಲ ಮನೆ ಕೆ.ಆರ್. ಪೇಟೆ ಕಡೆಯ ಒಂದು ದೊಡ್ಡ ಒಕ್ಕಲು ಮನೆತನದ್ದು. ತೆಂಗು, ಕಬ್ಬು, ಕರೆಯುವ ಹಸುಗಳು ಎಲ್ಲ ಇದ್ದವರು. ಅಜ್ಜಿಯಿಂದ ಹಿಡಿದು ಎಲ್ಲರೂ ಟ್ರಾಕ್ಟರಿನಲ್ಲೇ ಬಂದು ಇಳಿದಿದ್ದರು. ಹಾಲಿನ ಚಿತ್ರ ನಮ್ಮವರು ಒಬ್ಬರೇ ಕೂತು ಸಿದ್ಧ ಮಾಡಿದ್ದರು, ನಾನು ಅಡುಗೆ ಮನೆಯದು ಮಾಡುತ್ತಿದ್ದೆ. ಎಲ್ಲರನ್ನೂ ಕೂರಿಸಿ ಇವರು ಹೆಮ್ಮೆಯಿಂದ ಚಿತ್ರ ತೆರೆದರು.

ದೇವರ ಮೂಲೆಯಲ್ಲಿ ಒಂದು ದೀಪವಲ್ಲ, ಆರು ದೀಪ ಇದ್ದವು. ಒಂದರ ಪಕ್ಕ ಒಂದು, ಒಂದರ ಮೇಲೆ ಇನ್ನೊಂದು ಅರ್ಧ ಹೂತುಕೊಂಡು. ಮೂಲೆ ಧಗಧಗ ಅನ್ನುತ್ತಿತ್ತು.

ಮನೆಯ ಯಜಮಾನರು ಮೊದಲು ನಕ್ಕರು. "ಏನ್ ಇಂಜಿನಿಯರ್ರೇ, ಇಲ್ಲೇ ದೀಪಾವಳಿ ಮಾಡ್ಬುಟ್ರಲ್ಲ!"

ರೂಮೇ ಹಾರಿಹೋಗುವಂತೆ ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ನಮ್ಮವರೂ ನಗುತ್ತಾ, ಯಂತ್ರದ್ದು ಏನೋ ಎಡವಟ್ಟು ಅಂದರು. ಅವರ ಕಿವಿ ಕೆಂಪಾಗಿದ್ದು ನೋಡಿದೆ. ಇಟ್ಟ ದೀಪ ಕಾಣಲಿಲ್ಲ ಎಂದು ಇನ್ನೊಂದು, ಅದೂ ಕಾಣಲಿಲ್ಲ ಎಂದು ಮತ್ತೊಂದು, ಹಾಗೆ ಒಬ್ಬರೇ ಕೂತು ಇಟ್ಟಿದ್ದಾರೆ. ಆ ಹೊತ್ತಿನಲ್ಲಿ ಅವರ ಮನಸ್ಸಿನಲ್ಲಿ ಏನಿತ್ತೋ. ನನ್ನನ್ನು ಕರೆದು, ಬಾಮ್ಮಿ ಇಲ್ಲಿ, ದೀಪ ಕಾಣ್ತದಾ ನೋಡು ಎಂದು ಒಂದು ಮಾತು ಕೇಳಿದ್ದರೆ! ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಬೈಯುತ್ತಿದ್ದೆನೇನೋ.

ಆ ಮನೆ ಎದ್ದಿತು. ಗೃಹಪ್ರವೇಶಕ್ಕೆ ನಮ್ಮಿಬ್ಬರಿಗೂ ಕರೆ ಬಂತು. ಹಗಲು ಹನ್ನೊಂದರ ಸಮಯ, ಮೋಡದ ಸುಳಿವೇ ಇಲ್ಲದ ದಿನ. ಹಾಲಿನ ಎರಡು ಕಿಟಕಿಗಳೂ ತೆರೆದಿದ್ದವು, ಬಿಸಿಲು ದೇವರ ಮೂಲೆಯ ತನಕ ಹಾಸಿಕೊಂಡಿತ್ತು. ಟ್ರಾಕ್ಟರಿನಲ್ಲಿ ಬಂದಿದ್ದ ಅಜ್ಜಿ ಅದೇ ಮೂಲೆಯಲ್ಲಿ ಚಾಪೆ ಹಾಕಿಕೊಂಡು, ಬಿಳಿ ಸೀರೆಯ ತುಂಬ ಬಿಸಿಲು ಸುರಿದುಕೊಂಡು ಹೂ ಕಟ್ಟುತ್ತಿದ್ದರು.

ನಮ್ಮವರು ಬಾಗಿಲಲ್ಲೇ ನಿಂತು ಒಳಗೆ ನೋಡಿದರು. ಅವರ ಮುಖದಲ್ಲಿ ಗೆದ್ದ ಕಳೆ ಬಂತು.

"ನೋಡ್ದಾ? ನಾನು ಯೋಳ್ತಾನೇ ಇದ್ದೆ. ಸಾಫ್ಟ್‌ವೇರಿನಲ್ಲಿ ಕಂಡಂಗೇ ಬಂದದೆ, ಈ ಮೂಲೆ ಕತ್ತಲೆ. ಅಲ್ಲಿ ಒಬ್ರೂ ಕೂರಾಕಾಯ್ತದಾ ಹೇಳು?"

ಅಜ್ಜಿ ಹೂವಿನಿಂದ ತಲೆ ಎತ್ತಿದರು. "ನಾನ್ ಕೂತಿಲ್ವಾ ಮಗಾ?" ಅಂದರು.

ಇವರು ದನಿ ಬಂದ ಕಡೆಗೆ ಮುಖ ತಿರುಗಿಸಿದರು. ಆಮೇಲೆ ಅಜ್ಜಿ ಕಂಡರು ಅನ್ನಿಸುತ್ತದೆ. ಬೆಚ್ಚಿದವರ ಹಾಗೆ ಒಂದು ಹೆಜ್ಜೆ ಹಿಂದೆ ಬಂದರು. ನಾನು ಅವರ ತೋಳು ಹಿಡಿದುಕೊಂಡೆ. ಅಲ್ಲಿ ಸಾಫ್ಟ್‌ವೇರು ಇರಲಿಲ್ಲ, ಮಾನಿಟರು ಇರಲಿಲ್ಲ, ಜಗಳವಾಡಲು ಯಾವ ಯಂತ್ರವೂ ಇರಲಿಲ್ಲ. ಒಂದು ಕೋಣೆ, ಬಿಸಿಲು, ಒಬ್ಬ ಮುದುಕಿ, ಮತ್ತೆ ನನ್ನ ಗಂಡನ ಎರಡು ಕಣ್ಣು. ಇಬ್ಬರಿಗೂ ಒಂದೇ ಕ್ಷಣಕ್ಕೆ ತಿಳಿಯಿತು. ಊಟಕ್ಕೆ ಕೂರಲೇಬೇಕೆಂದು ಮನೆಯವರು ಬಲವಂತ ಮಾಡಿದರು. ಎಲೆಯ ಯಾವ ಬದಿಯಲ್ಲಿ ಏನು ಬಡಿಸಿದ್ದಾರೆಂದು ನಾನು ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳುತ್ತಾ ಹೋದೆ.

ಮೈಸೂರಿನ ಕಣ್ಣಾಸ್ಪತ್ರೆಯಲ್ಲಿ ಒಂದು ಯಂತ್ರದ ಮುಂದೆ ಅವರನ್ನು ಕೂರಿಸಿದರು. ಬಿಳಿ ಬೋಗುಣಿಯಂಥದ್ದರೊಳಗೆ ಮುಖವಿಟ್ಟು, ನಡುವಿನ ಚುಕ್ಕೆಯನ್ನೇ ನೋಡುತ್ತಾ, ಅಲ್ಲಲ್ಲಿ ಮಿಣುಕುವ ಸಣ್ಣ ಬೆಳಕು ಕಂಡಾಗಲೆಲ್ಲ ಗುಂಡಿ ಒತ್ತಬೇಕು. ನಾನು ಪಕ್ಕದಲ್ಲಿ ನಿಂತಿದ್ದೆ. ಗುಂಡಿ ಒತ್ತುವ ಸದ್ದು ಬಂದರೆ ಜೀವ ಬರುತ್ತಿತ್ತು. ಬಹಳ ಹೊತ್ತು ಸದ್ದೇ ಬರುತ್ತಿರಲಿಲ್ಲ. ಕೊನೆಗೆ ಯಂತ್ರದಿಂದ ಒಂದು ಹಾಳೆ ಮೆಲ್ಲಗೆ ಗೆರೆ ಗೆರೆಯಾಗಿ ಅಚ್ಚಾಗಿ ಬಂತು. ನಡುವೆ ಒಂದಿಷ್ಟು ಬಿಳಿ, ಸುತ್ತ ಬೂದು, ಮೂಲೆಗಳೆಲ್ಲ ಕಪ್ಪು. ಅವರು ಅದನ್ನು ಮುಖದ ಹತ್ತಿರ ಹಿಡಿದು ನೋಡಿ, "ಇದ್ಯಾವ ಸಾಫ್ಟ್‌ವೇರು ಡಾಕ್ಟ್ರೇ? ಕರೆಕ್ಟಾಗಿ ಬಂದದೆ" ಅಂದರು.

ಡಾಕ್ಟರು ನಗಲಿಲ್ಲ. ಕಣ್ಣಿನ ಒಳಗೆ ಒತ್ತಡ ಹೆಚ್ಚಾಗಿ ನರ ಸವೆದುಹೋಗುವ ಕಾಯಿಲೆ, ಅಂಚಿನಿಂದ ಶುರುವಾಗುತ್ತದೆ, ನೋವಿರುವುದಿಲ್ಲ, ಕಾಯಿಲೆ ಇರುವವರಿಗೇ ತಿಳಿಯುವುದಿಲ್ಲ ಎಂದರು. ಮನೆಯಲ್ಲಿ ಯಾರಿಗಾದರೂ ಇತ್ತಾ ಎಂದು ಕೇಳಿದರು. ಮಾವನವರನ್ನು ಕೊನೆಯ ವರ್ಷಗಳಲ್ಲಿ ಕೈ ಹಿಡಿದು ಗದ್ದೆಗೆ ಕರೆದುಕೊಂಡು ಹೋಗುತ್ತಿದ್ದರು. ವಯಸ್ಸಾಯಿತು, ಪೊರೆ ಬಂದಿದೆ ಎಂದು ಎಲ್ಲರೂ ಸುಮ್ಮನಿದ್ದೆವು. ಹೋದದ್ದು ವಾಪಸು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳೋಣ ಎಂದು ಡಾಕ್ಟರು ಹನಿ ಬರೆದುಕೊಟ್ಟರು. ಎರಡು ವರ್ಷದ ಹಿಂದೆ ಬಂದಿದ್ದರೆ ಎಂದು ಮಾತು ಶುರು ಮಾಡಿ, ನನ್ನ ಮುಖ ನೋಡಿ ನಿಲ್ಲಿಸಿಬಿಟ್ಟರು. ಎರಡು ವರ್ಷದ ಹಿಂದೆ ನಾವು ಶ್ರೀರಂಗಪಟ್ಟಣದ ಬಸ್ಸಿನಲ್ಲಿ ನಗುತ್ತಾ ಬರುತ್ತಿದ್ದೆವು.

ಆಮೇಲಿನ ದಿನಗಳಲ್ಲಿ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವರನ್ನು ಕಾದೆ. ಹೊತ್ತು ತಪ್ಪದೆ ಹನಿ ಹಾಕಿದೆ. ಆದರೂ ಬಿಳಿಯ ಜಾಗ ಚೂರು ಚೂರೇ ಸಣ್ಣದಾಯಿತು. ಅವರು ಪ್ಲಾನು ಬಿಟ್ಟರು, ಸ್ಕೂಟರು ಬಿಟ್ಟರು. ಆಫೀಸು ಮಾತ್ರ ಬಿಡಲಿಲ್ಲ. ಕಂಪ್ಯೂಟರಿನ ಮುಂದೆ ನಾನು, ನನ್ನ ಎಡಕ್ಕೆ ಕುರ್ಚಿ ಹಾಕಿಕೊಂಡು ಅವರು. ಕಿಟಕಿ ಎಷ್ಟು ಅಗಲ, ನೆಲ ಯಾವ ಬಣ್ಣ ಎಂದು ಕೇಳಿ, ಹಾಗಾದರೆ ಬೆಳಕು ಇಲ್ಲಿಗೆ ಬಂದು ನಿಲ್ಲುತ್ತದೆ ನೋಡು ಅನ್ನುತ್ತಿದ್ದರು. ಪರದೆಯ ಮೇಲೆ ಅದು ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಆ ಕಣ್ಣುಗಳ ಹಿಂದೆ ಇದ್ದ ಬೆಳಕಿನ ಲೆಕ್ಕ ಹಾಗೇ ಇತ್ತು. ಲೈಟು ಹೆಚ್ಚಾಯಿತು ಎಂದು ಅಷ್ಟು ಜಗಳವಾಡಿದ ನಾನು, ಲೈಟು ಯಾಕೆ ಬೇಕು ನಿಮಗೆ ಎಂದು ಒಂದು ಸಲ ಮೆತ್ತಗೆ ಕೇಳಬಹುದಿತ್ತು.

ದಶಕ ಮುಗಿಯುತ್ತಾ ಬಂದಿದ್ದಾಗ ಬೆಳಗೊಳದ ಕಡೆಯವರದ್ದೊಂದು ಮನೆ ಬಂತು. ಹಾಲಿನ ಚಿತ್ರ ಸಿದ್ಧವಾಗುತ್ತಿತ್ತು. ಅವರು ಎಂದಿನಂತೆ ಪಕ್ಕದಲ್ಲಿದ್ದರು.

"ಮೂಲೇಲಿ ದೀಪ ಇಟ್ಯಾ?"

"ಇಟ್ಟೆ ಕಣ್ರೀ" ಅಂದೆ. ಇನ್ನೂ ಇಟ್ಟಿರಲಿಲ್ಲ. ಗೋಡೆಯ ಬಣ್ಣ ತಿದ್ದುತ್ತಿದ್ದೆ, ಇಡುವುದೇನು, ಆಮೇಲೆ ಇಟ್ಟರಾಯಿತು ಎಂದುಕೊಂಡಿದ್ದೆ.

"ಒಂದೇ ತಾನೆ?" ಎಂದು ನಕ್ಕರು.

"ಒಂದೇ."

ಅವರು ಕುರ್ಚಿ ಮುಂದೆ ಎಳೆದುಕೊಂಡು, ಪರದೆಯ ಹತ್ತಿರಕ್ಕೆ ಬಗ್ಗಿ, ಮೂಲೆಯ ಕಡೆ ಮುಖ ತಿರುಗಿಸಿದರು. ಮೊದಲೆಲ್ಲ ನೋಡುತ್ತಿದ್ದ ಹಾಗೆಯೇ ತಲೆ ಒಂದಿಷ್ಟು ವಾರೆ ಮಾಡಿ ನೋಡಿದರು.

"ಆಂ, ಕಾಣ್ತಾ ಅದೆ. ಚೆನ್ನಾಗಿ ಉರೀತಾ ಅದೆ ಬುಡಮ್ಮಿ" ಅಂದರು.

ನಾನು ಗೋಡೆಯ ಬಣ್ಣ ಅಷ್ಟಕ್ಕೇ ಬಿಟ್ಟು, ಅವ್ವನ ದೀಪ ತಂದು ಆ ಮೂಲೆಯಲ್ಲಿ ಇಟ್ಟೆ.